ವಾಚಕರ ಪ್ರಶ್ನೆ, ನಮ್ಮ ಉತ್ತರ: ವರ್ಷದ ಮೊದಲ ದೊಡ್ಡ ಹಿಮ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಮದ ಬಗ್ಗೆಯೇ. ಕೆಲವು ಅಮೆರಿಕ, ಕೆನಡಾದಲ್ಲಿ ನೆಲೆಸಿರುವವರಿಂದ, ಕೆಲವು ಮನಾಲಿಗೆ ಹೊರಟು ನಿಂತಿರುವವರಿಂದ. ಜನವರಿಯಲ್ಲಿ ಬೀಳುವ ಹತ್ತನೇ ಹಿಮಕ್ಕಿಂತ ನವೆಂಬರಿನ ಮೊದಲ ಹಿಮವೇ ಹೆಚ್ಚು ಕಾಡುತ್ತದೆ. ಆಗ ನೆಲ ಇನ್ನೂ ಬೆಚ್ಚಗಿರುತ್ತದೆ, ಹಿಮದಲ್ಲಿ ನೀರಿನಂಶ ಹೆಚ್ಚಿರುತ್ತದೆ, ಕಾರಿಗೆ ಹಳೆಯ ಟೈರೇ ಇರುತ್ತದೆ, ಮೈಕೈಗೆ ಅಭ್ಯಾಸ ತಪ್ಪಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ.

ಪ್ರಶ್ನೆ: ಸ್ವಂತ ಮನೆಯಲ್ಲಿ ಇದು ನಮ್ಮ ಮೊದಲ ಚಳಿಗಾಲ. ಅಪಾರ್ಟ್‌ಮೆಂಟಿನಲ್ಲಿದ್ದಾಗ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಸ್ನೋ ಬಿದ್ದು ಬೆಳಿಗ್ಗೆ ಬಾಗಿಲು ತೆರೆದಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ?
– ಬಫಲೊ, ನ್ಯೂಯಾರ್ಕ್ ರಾಜ್ಯ

ಉತ್ತರ: ಡ್ರೈವ್‌ವೇ, ಅಂದರೆ ರಸ್ತೆಯಿಂದ ಮನೆಗೆ ಕಾರು ಬರುವ ದಾರಿ, ಆಮೇಲೆ. ಮೊದಲು ಮನೆಯ ಪಕ್ಕದ ಗೋಡೆಗೆ ಹೋಗಿ. ಮನೆ ಬೆಚ್ಚಗಿಡುವ ಹೊಸ ಮಾದರಿಯ ಫರ್ನೇಸಿಗೆ ಚಿಮಣಿ ಇರುವುದಿಲ್ಲ. ಗೋಡೆಯಿಂದ ಹೊರಗೆ ಬಂದಿರುವ ಎರಡು ಬಿಳಿ ಪ್ಲಾಸ್ಟಿಕ್ ಕೊಳವೆಗಳಲ್ಲಿ ಒಂದು ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಸುಟ್ಟ ಅನಿಲವನ್ನು ಹೊರಗೆ ಬಿಡುತ್ತದೆ. ಗಾಳಿ ತಂದು ರಾಶಿ ಹಾಕಿದ ಹಿಮ ಇವುಗಳ ಬಾಯಿ ಮುಚ್ಚಿದರೆ ಸಾಮಾನ್ಯವಾಗಿ ಫರ್ನೇಸ್ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಕೊಳವೆಯ ಸುತ್ತ ಒಂದು ಮೀಟರ್ ಜಾಗ ಬಿಡಿಸಿ. ಬಟ್ಟೆ ಒಣಗಿಸುವ ಡ್ರೈಯರಿನ ಕಿಂಡಿಯನ್ನೂ ನೋಡಿ. ಗ್ಯಾಸ್ ಮೀಟರಿನ ಮೇಲಿನ ಹಿಮವನ್ನು ಸಲಿಕೆಯಿಂದ ಬಡಿಯದೆ ಪೊರಕೆಯಿಂದ ಗುಡಿಸಿ. ಮನೆಯ ಪ್ರತಿ ಮಹಡಿಯಲ್ಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಚಳಿಗಾಲಕ್ಕೆ ಮುಂಚೆಯೇ ಅದರ ಬ್ಯಾಟರಿ ಬದಲಿಸಿ.

ಇನ್ನು ಡ್ರೈವ್‌ವೇ. ಆರು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಜಾಗದಲ್ಲಿ 20 ಸೆಂಟಿಮೀಟರ್ ಹಿಮ ಬಿದ್ದಿದೆ ಎಂದುಕೊಳ್ಳಿ. ಅದು 12 ಘನ ಮೀಟರ್. ಹಗುರ ಹಿಮವಾದರೂ ಘನ ಮೀಟರಿಗೆ ನೂರು ಕಿಲೊ ತೂಗುತ್ತದೆ, ಅಂದರೆ ಒಟ್ಟು 1,200 ಕಿಲೊ. ಸಲಿಕೆಗೆ ಆರು ಕಿಲೊದಂತೆ ಎತ್ತಿದರೆ ಇನ್ನೂರು ಸಲ ಎತ್ತಬೇಕು. ಮೊದಲ ಹಿಮ ಒದ್ದೆಯಾಗಿದ್ದರೆ ತೂಕ ಎರಡರಷ್ಟಾಗುವುದು ಸಾಮಾನ್ಯ. ಅದಕ್ಕೇ ಬೀಳುವುದೆಲ್ಲ ಮುಗಿಯಲಿ ಎಂದು ಕಾಯಬೇಡಿ. ಹತ್ತು ಸೆಂಟಿಮೀಟರ್ ಆದಾಗ ಒಂದು ಸಲ, ನಿಂತ ಮೇಲೆ ಒಂದು ಸಲ ತೆಗೆಯಿರಿ. ತೆಗೆಯುವ ಹಿಮ ಅಷ್ಟೇ, ಆದರೆ ಒಂದೊಂದು ಸಲಿಕೆಯೂ ಹಗುರ. ಆದಷ್ಟು ತಳ್ಳಿ, ಎತ್ತುವುದು ಕಡಿಮೆ ಮಾಡಿ. ಎತ್ತಲೇಬೇಕಾದರೆ ಮೊಣಕಾಲು ಮಡಿಸಿ ಎತ್ತಿ, ಪಾದ ತಿರುಗಿಸಿ ಹಾಕಿ. ಸೊಂಟ ತಿರುಚಿ ಹೆಗಲ ಮೇಲಿಂದ ಎಸೆದರೆ ಮರುದಿನ ಹಾಸಿಗೆಯಿಂದ ಏಳುವುದು ಕಷ್ಟ. ಹಿಮ ಸಲಿಕೆಗೆ ಅಂಟಿಕೊಳ್ಳುತ್ತಿದ್ದರೆ ಅದಕ್ಕೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅಡುಗೆ ಎಣ್ಣೆ ಸವರಿದರೂ ಆಗುತ್ತದೆ.

ಎಲ್ಲ ಬಳಿದು ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ರಸ್ತೆಯ ಹಿಮ ತಳ್ಳುವ ನಗರಸಭೆಯ ಗಾಡಿ, ಪ್ಲೌ, ಬಂದು ಡ್ರೈವ್‌ವೇ ಬಾಯಿಗೆ ಗಟ್ಟಿ ಒಡ್ಡು ಹಾಕಿ ಹೋಗಿರುತ್ತದೆ. ಇದನ್ನು ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದು. ಮನೆಗೆ ಬೆನ್ನು ಮಾಡಿ ರಸ್ತೆ ಕಡೆ ನೋಡುತ್ತಾ ನಿಂತರೆ ಅಮೆರಿಕದಲ್ಲಿ ಪ್ಲೌ ನಿಮ್ಮ ಎಡದಿಂದ ಬಲಕ್ಕೆ ಬರುತ್ತದೆ. ಆದ್ದರಿಂದ ನಿಮ್ಮ ಹಿಮವನ್ನೆಲ್ಲ ಬಲಗಡೆಗೆ ಹಾಕಿ, ಡ್ರೈವ್‌ವೇಗಿಂತ ಮುಂಚೆ ಎಡಬದಿಯ ರಸ್ತೆ ಅಂಚಿನಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗ ಖಾಲಿ ಮಾಡಿಡಿ. ಪ್ಲೌ ಹೊತ್ತು ತಂದ ಹಿಮ ಅಲ್ಲಿ ಇಳಿದುಬಿಡುತ್ತದೆ, ನಿಮ್ಮ ಬಾಗಿಲಿಗೆ ಬರುವುದು ಅಳಿದುಳಿದದ್ದು ಮಾತ್ರ. ಹತ್ತಿರದಲ್ಲಿ ಅಗ್ನಿಶಾಮಕದವರ ಹೈಡ್ರೆಂಟ್ ಇದ್ದರೆ ಅದರ ಸುತ್ತಲೂ ಒಂದು ಮೀಟರ್ ಬಿಡಿಸಿಡಿ.

ಹಿಮ ಎಳೆದು ದೂರ ಎಸೆಯುವ ಯಂತ್ರ, ಸ್ನೋ ಬ್ಲೋವರ್, ಇರುವವರಿಗೆ ಎರಡು ಮಾತು. ಮೊದಲ ಹಿಮದ ದಿನ ಅದು ಸ್ಟಾರ್ಟ್ ಆಗದಿರಲು ಸಾಮಾನ್ಯ ಕಾರಣ ಕಳೆದ ವರ್ಷದ ಪೆಟ್ರೋಲ್. ಅದು ಕಾರ್ಬುರೇಟರಿನಲ್ಲಿ ಅಂಟುಗಟ್ಟಿರುತ್ತದೆ. ಅಕ್ಟೋಬರಿನಲ್ಲೇ ಹಳೆಯದನ್ನು ತೆಗೆದು ಹೊಸದು ತುಂಬಿ ಒಮ್ಮೆ ಓಡಿಸಿ ನೋಡಿ. ಹಿಮವನ್ನು ಒಳಗೆಳೆಯುವ ತಿರುಪಿಗೆ ಕಲ್ಲೋ ಮಂಜುಗಡ್ಡೆಯೋ ಸಿಕ್ಕಿದಾಗ ಯಂತ್ರ ಉಳಿಯಲೆಂದು ತಾನೇ ಮುರಿಯುವ ಶಿಯರ್ ಪಿನ್‌ಗಳನ್ನು ಎರಡು ಮೂರು ಹೆಚ್ಚಿಗೆ ಇಟ್ಟುಕೊಳ್ಳಿ. ಇನ್ನೊಂದು ಇದಕ್ಕಿಂತ ಮುಖ್ಯ: ಒದ್ದೆ ಹಿಮ ಕಟ್ಟಿಕೊಂಡಾಗ ಎಂಜಿನ್ ಆರಿಸಿದ್ದರೂ ಕೈ ಹಾಕಬೇಡಿ. ಸಿಕ್ಕಿಕೊಂಡ ತಿರುಪಿನಲ್ಲಿ ಬಿಗಿತ ಉಳಿದಿರುತ್ತದೆ. ಹಿಮ ಬಿಡಿಸಿದ ಕ್ಷಣ ಅದು ಅರ್ಧ ಸುತ್ತು ತಿರುಗಿದರೂ ಬೆರಳು ಹೋಗುತ್ತದೆ. ಯಂತ್ರದ ಜೊತೆ ಕೊಟ್ಟಿರುವ ಕೋಲನ್ನೇ ಬಳಸಿ.

ಪ್ರಶ್ನೆ: ಉಪ್ಪು ಎಷ್ಟು ಹಾಕಬೇಕು? ಒಂದು ಚೀಲ ಸುರಿದರೂ ಕೆಲವು ದಿನ ಕರಗುವುದೇ ಇಲ್ಲ.
– ಮಿನಿಯಾಪೊಲಿಸ್

ಉತ್ತರ: ದೊಡ್ಡ ಕಾಫಿ ಮಗ್ ತುಂಬ, ಸುಮಾರು 350 ಗ್ರಾಂ. ಆರು ಮೀಟರ್ ಉದ್ದದ ಡ್ರೈವ್‌ವೇಗೆ ಅಥವಾ ಫುಟ್‌ಪಾತಿನ ಹತ್ತು ಚಪ್ಪಡಿಗೆ ಅಷ್ಟು ಸಾಕು. ರಂಗೋಲಿ ಚುಕ್ಕಿಯಂತೆ ಕಾಳಿನಿಂದ ಕಾಳಿಗೆ ಅಂತರವಿರಲಿ. ಉಪ್ಪು ಹಾಕುವುದು ಹಿಮ ಬಳಿದ ಮೇಲೆ ಉಳಿದ ತೆಳು ಪದರಕ್ಕೆ. ಅರ್ಧ ಅಡಿ ಹಿಮದ ಮೇಲೆ ಎರಚಿದ್ದೆಲ್ಲ ದಂಡ.

ಕರಗದ ದಿನಗಳಿಗೆ ಕಾರಣ ಉಷ್ಣಾಂಶ. ಸಾಧಾರಣ ಉಪ್ಪು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗೆ ಬಲು ನಿಧಾನ. ಅಂಥ ದಿನ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಇಲ್ಲವೇ ಕಾಲು ಜಾರದಂತೆ ಬರೀ ಮರಳು ಎರಚಿ. ಬಿಸಿನೀರು ಮಾತ್ರ ಸುರಿಯಬೇಡಿ, ಹತ್ತು ನಿಮಿಷಕ್ಕೆ ಅದು ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಕಾಂಕ್ರೀಟ್ ಹಾಕಿ ಒಂದು ವರ್ಷ ಆಗಿಲ್ಲವಾದರೆ ಉಪ್ಪು ಬೇಡವೇ ಬೇಡ, ಮೇಲ್ಪದರ ಸಿಪ್ಪೆಯಂತೆ ಏಳುತ್ತದೆ. ಹೆಚ್ಚಾದ ಉಪ್ಪೆಲ್ಲ ಕೊನೆಗೆ ನಿಮ್ಮೂರಿನ ಕೆರೆಗಳಿಗೇ ಹೋಗುತ್ತದೆ. ಒಮ್ಮೆ ಸೇರಿದ ಉಪ್ಪನ್ನು ನೀರಿನಿಂದ ತೆಗೆಯಲು ಸುಲಭದ ದಾರಿಯಿಲ್ಲ. ದಯವಿಟ್ಟು ಮಗ್ಗಿನ ಲೆಕ್ಕ ಮೀರಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಸೊಂಟದುದ್ದ ಹಿಮ. ಇಪ್ಪತ್ತು ಕಿಲೊಮೀಟರ್ ಉತ್ತರಕ್ಕಿರುವ ಗೆಳೆಯರ ಮನೆಯಲ್ಲಿ ಹುಲ್ಲು ಕಾಣಿಸುತ್ತಿದೆ. ಇದು ಹೇಗೆ?
– ಬಫಲೊದ ದಕ್ಷಿಣ ಭಾಗದಿಂದ

ಉತ್ತರ: ಇದು ಈರಿ ಸರೋವರದ ಕೆಲಸ. ನವೆಂಬರಿನಲ್ಲಿ ಸರೋವರದ ನೀರು ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಪಶ್ಚಿಮದಿಂದ ಕೊರೆಯುವ ಗಾಳಿ ಹಾಯುತ್ತದೆ. ನೀರಿಗೂ ಒಂದೂವರೆ ಕಿಲೊಮೀಟರ್ ಎತ್ತರದ ಗಾಳಿಗೂ ಸುಮಾರು 13 ಡಿಗ್ರಿ ಅಂತರವಿದ್ದರೆ ಸಾಕು, ಗಾಳಿ ತೇವ ಹೀರಿಕೊಂಡು ಮೇಲೇರಿ ಮೋಡವಾಗಿ ದಡ ಸೇರುತ್ತಲೇ ಸುರಿಯುತ್ತದೆ. ಈ ಮೋಡ ನಮ್ಮ ಮುಂಗಾರಿನಂತೆ ನಾಡೆಲ್ಲ ಹರಡುವುದಿಲ್ಲ. ಗಾಳಿಯ ದಿಕ್ಕಿಗೆ ಸರಿಯಾಗಿ ಕಿರಿದಾದ ಪಟ್ಟಿಯಂತೆ ನಿಲ್ಲುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ ಅಲ್ಲಾಡದೆ. 2014ರ ನವೆಂಬರಿನಲ್ಲಿ ಬಫಲೊದ ದಕ್ಷಿಣದ ಊರುಗಳಲ್ಲಿ ಐದು ಅಡಿ ಮೀರಿ ಬಿದ್ದಾಗ ಉತ್ತರ ಭಾಗದಲ್ಲಿ ಬಿದ್ದದ್ದು ಕೆಲವೇ ಅಂಗುಲ. ಈರಿ ಆಳವಿಲ್ಲದ ಸರೋವರವಾದ್ದರಿಂದ ಚಳಿಗಾಲದ ನಡುವೆ ಹೆಪ್ಪುಗಟ್ಟುವುದುಂಟು. ಹೆಪ್ಪುಗಟ್ಟಿತೆಂದರೆ ಗಾಳಿಗೆ ತೇವ ಸಿಗದೆ ಈ ಬಗೆಯ ಹಿಮ ಬೀಳುವುದು ಕಡಿಮೆಯಾಗುತ್ತದೆ. ನಿಮ್ಮ ಕಡೆ ಋತುವಿನ ಮೊದಲ ಹಿಮಗಳೇ ದೊಡ್ಡವಾಗಿರುವುದಕ್ಕೆ ಇದೇ ಕಾರಣ.

ಎಲೆ ಉದುರುವ ಮುಂಚೆಯೇ ಬಂದರಂತೂ ಕಷ್ಟ. 2006ರ ಅಕ್ಟೋಬರ್ 12, 13ರಂದು ನಿಮ್ಮ ನಗರದಲ್ಲೇ ಎರಡು ಅಡಿಗೆ ಹತ್ತಿರ ಒದ್ದೆ ಹಿಮ ಬಿತ್ತು. ಎಲೆ ತುಂಬಿದ ಕೊಂಬೆಗಳು ಆ ಭಾರ ತಾಳದೆ ಮುರಿದು ತಂತಿಗಳ ಮೇಲೆ ಬಿದ್ದವು, ಊರಿಗೆ ಊರೇ ಕತ್ತಲಾಯಿತು. ಮನೆಯ ಗಿಡ ಬಾಗಿದ್ದರೆ ಪೊರಕೆಯನ್ನು ಕೊಂಬೆಯ ಅಡಿಗಿಟ್ಟು ಮೆಲ್ಲನೆ ಮೇಲಕ್ಕೆ ಎತ್ತಿ, ಹಿಮ ಜಾರುತ್ತದೆ. ಮೇಲಿನಿಂದ ಬಡಿದರೆ ಕೊಂಬೆ ಮುರಿಯುತ್ತದೆ. ತಂತಿ ಬಿದ್ದಿದ್ದರೆ ಹತ್ತು ಮೀಟರ್ ಒಳಗೆ ಯಾರೂ ಸುಳಿಯಬಾರದು. ಕರೆಂಟ್ ಹೋದಾಗ ಜನರೇಟರ್ ಹಚ್ಚುವುದಾದರೆ ಮನೆಯಿಂದ ಆರು ಮೀಟರ್ ದೂರ, ಬಯಲಿನಲ್ಲಿ ಇಡಿ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಅದರೊಳಗೆ ಇಡಬೇಡಿ.

ಪ್ರಶ್ನೆ: ನಮ್ಮದು ಆಲ್ ವೀಲ್ ಡ್ರೈವ್. ಡೀಲರ್ ಆಲ್ ಸೀಸನ್ ಟೈರ್ ಸಾಕು ಅಂದಿದ್ದರು. ಮೊದಲ ಸ್ನೋ ದಿನವೇ ಸಿಗ್ನಲ್‌ನಲ್ಲಿ ನಿಲ್ಲದೆ ಜಾರಿತು. ವಿಂಟರ್ ಟೈರ್ ನಿಜವಾಗಿ ಬೇಕೆ?
– ಮಿಸಿಸಾಗ, ಒಂಟಾರಿಯೊ

ಉತ್ತರ: ಬೇಕು, ನಾಲ್ಕಕ್ಕೆ ನಾಲ್ಕೂ. ಆಲ್ ವೀಲ್ ಡ್ರೈವ್ ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತದೆ, ಅದರಿಂದ ಗಾಡಿ ಸಲೀಸಾಗಿ ಹೊರಡುತ್ತದೆ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದರಿಂದ ನಿಲ್ಲಿಸುವಾಗ ಆಲ್ ವೀಲ್ ಡ್ರೈವಿನಿಂದ ಲಾಭವಿಲ್ಲ. ಸುಲಭವಾಗಿ ಹೊರಟಿತಲ್ಲ ಎಂಬ ಧೈರ್ಯದಲ್ಲಿ ಜನ ವೇಗ ಹೆಚ್ಚಿಸುತ್ತಾರೆ, ಸಿಗ್ನಲ್‌ನಲ್ಲಿ ಸಿಕ್ಕಿಬೀಳುತ್ತಾರೆ.

ಸಾಧಾರಣ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತಾ ಹೋಗಿ ಹಿಡಿತ ಬಿಡುತ್ತದೆ. ವಿಂಟರ್ ಟೈರಿನ ರಬ್ಬರ್ ಚಳಿಯಲ್ಲೂ ಮೆತ್ತಗಿರುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಟೈರಿನ ಪಕ್ಕದಲ್ಲಿದೆಯೇ ನೋಡಿ ಕೊಳ್ಳಿ. ಎರಡೇ ಹಾಕಿಸಿದರೆ ಮುಂದಿನದು ಹಿಡಿದು ಹಿಂದಿನದು ಜಾರಿ ಗಾಡಿ ಗಿರಕಿ ಹೊಡೆಯುತ್ತದೆ. ನಿಮ್ಮ ಪಕ್ಕದ ಕೆಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಾನೂನಿನಲ್ಲೇ ಕಡ್ಡಾಯ. ಮೊದಲ ಹಿಮದ ಮರುದಿನ ಟೈರ್ ಅಂಗಡಿಯಲ್ಲಿ ಸಾಲು ನಿಲ್ಲುವ ಬದಲು ಅಕ್ಟೋಬರ್ ಕೊನೆಗೇ ಹಾಕಿಸಿಬಿಡಿ. ಉಷ್ಣಾಂಶ ಐದಾರು ಡಿಗ್ರಿ ಇಳಿದಾಗಲೆಲ್ಲ ಟೈರಿನ ಗಾಳಿ ಒಂದು ಪಿಎಸ್‌ಐ ಕಡಿಮೆಯಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಮೊದಲ ಹಿಮದ ದಿನ ಇನ್ನೊಂದು ಮೋಸವಿದೆ. ಬೆಚ್ಚಗಿನ ಡಾಂಬರಿನ ಮೇಲೆ ಬಿದ್ದದ್ದು ಕರಗಿ ನೀರಾಗುತ್ತದೆ, ಸಂಜೆಗೆ ಆ ನೀರೇ ಗಟ್ಟಿಯಾಗುತ್ತದೆ, ಅದರ ಮೇಲೆ ಹೊಸ ಹಿಮ ಕೂರುತ್ತದೆ. ನೋಡುವವರಿಗೆ ಹಿಮ, ಟೈರಿಗೆ ಕನ್ನಡಿ. ಸೇತುವೆಗಳು ಮೇಲೂ ಕೆಳಗೂ ಗಾಳಿ ಬಡಿದು ರಸ್ತೆಗಿಂತ ಮುಂಚೆ ಹೆಪ್ಪುಗಟ್ಟುತ್ತವೆ. ಮುಂದಿನ ಗಾಡಿಗೂ ನಿಮಗೂ ಎಂಟು ಹತ್ತು ಸೆಕೆಂಡಿನ ಅಂತರವಿರಲಿ. ಬ್ರೇಕ್ ಒತ್ತಿದಾಗ ಪೆಡಲ್ ಕಾಲಡಿ ಗಡಗಡ ನಡುಗಿದರೆ ಅದು ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿದು ಹೋಗಬೇಕಾದ ಕಡೆಗೆ ಸ್ಟೀರಿಂಗ್ ತಿರುಗಿಸಿ.

ಹೂತುಕೊಂಡರೆ ಆಕ್ಸಿಲರೇಟರ್ ಒತ್ತಿ ಚಕ್ರ ಗಿರ್ರನೆ ತಿರುಗಿಸಿದಷ್ಟೂ ಅಡಿಯ ಹಿಮ ಕರಗಿ ನುಣುಪಾಗುತ್ತದೆ. ಸ್ಟೀರಿಂಗ್ ನೇರ ಮಾಡಿ, ಚಕ್ರದ ಹಿಂದೆ ಮುಂದೆ ಹಿಮ ತೆಗೆದು, ಮರಳನ್ನೋ ಬೆಕ್ಕಿನ ಮಲದ ತಟ್ಟೆಗೆ ಹಾಕುವ ಮಣ್ಣನ್ನೋ ಎರಚಿ, ಹಗುರವಾಗಿ ಹಿಂದಕ್ಕೂ ಮುಂದಕ್ಕೂ ತೂಗಿಸಿ. ಹೊರಡುವ ಮುಂಚೆ ಕಾರಿನ ತಾರಸಿಯ ಹಿಮವನ್ನೂ ತೆಗೆಯಬೇಕು. ಬ್ರೇಕ್ ಹಾಕಿದಾಗ ಅದು ಇಡಿಯಾಗಿ ನಿಮ್ಮ ಮುಂಗಾಜಿಗೆ ಜಾರುತ್ತದೆ, ಹೆದ್ದಾರಿಯಲ್ಲಿ ಹಿಂದಿನವರ ಗಾಜಿಗೆ ಹಾರುತ್ತದೆ.

ಪ್ರಶ್ನೆ: ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪನಿಗೆ 64. ತೋಟದಲ್ಲಿ ಗುದ್ದಲಿ ಹಿಡಿದವನಿಗೆ ಇದೇನು ಮಹಾ ಅಂತ ಸಲಿಕೆ ತಗೊಂಡು ಹೊರಡುತ್ತಾರೆ. ಅಮ್ಮ ಸೀರೆ ಬಿಡುವುದಿಲ್ಲ. ಏನು ಹೇಳಲಿ?
– ಎಡಿಸನ್, ನ್ಯೂಜೆರ್ಸಿ

ಉತ್ತರ: ನಿಮ್ಮ ತಂದೆಯವರ ತೋಳಿನ ಬಲದ ಬಗ್ಗೆ ನಮಗೂ ಅನುಮಾನವಿಲ್ಲ. ಚಿಂತೆ ಇರುವುದು ಹೃದಯದ ಬಗ್ಗೆ. ಚಳಿಗೆ ರಕ್ತನಾಳ ಕುಗ್ಗುತ್ತದೆ. ಕಾಲಿಗಿಂತ ತೋಳಿನಿಂದ ಮಾಡುವ ಕೆಲಸಕ್ಕೆ ರಕ್ತದೊತ್ತಡ ಬೇಗ ಏರುತ್ತದೆ. ಭಾರ ಎತ್ತುವಾಗ ಗೊತ್ತಿಲ್ಲದೆ ಉಸಿರು ಕಟ್ಟುತ್ತೇವೆ. ಮೂರೂ ಒಂದೇ ಹೊತ್ತಿಗೆ ಸೇರುವ ಕೆಲಸವಿದು. ನಮ್ಮ ಕಡೆಯವರಲ್ಲಿ ಹೃದಯದ ಕಾಯಿಲೆ ಚಿಕ್ಕ ವಯಸ್ಸಿಗೇ ಬರುವುದೂ ಉಂಟು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ, ಸ್ಟೆಂಟ್ ಹಾಕಿಸಿಕೊಂಡಿದ್ದರೆ ಸಲಿಕೆ ಮುಟ್ಟಲೇಬಾರದು. ಏನೂ ಇಲ್ಲವಾದರೂ ಮೆಟ್ಟಿಲು ಗುಡಿಸುವುದು, ಕಾರಿನ ಗಾಜು ಒರೆಸುವುದು ಅವರಿಗೆ ಬಿಡಿ. ಕೆಲಸ ಮಾಡಿದ ತೃಪ್ತಿ ಅವರಿಗೂ ಬೇಕಲ್ಲ. ಎದೆ ಬಿಗಿತ, ದವಡೆ ಅಥವಾ ಎಡತೋಳಿನ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸ್ ಎಂದುಕೊಂಡು ಕೂರದೆ 911ಕ್ಕೆ ಕರೆ ಮಾಡಿ.

ತಾಯಿಯವರು ಸೀರೆಯನ್ನೇ ಉಡಲಿ. ಒಳಗೆ ಉಣ್ಣೆಯ ಅಥವಾ ಪಾಲಿಯೆಸ್ಟರಿನ ಥರ್ಮಲ್ ಇರಲಿ, ಹತ್ತಿಯದು ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿದರೆ ಚಳಿ ಇಮ್ಮಡಿ. ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಟ್ಟರೆ ಅಂಚು ಒದ್ದೆಯಾಗುವುದಿಲ್ಲ. ಚಪ್ಪಲಿ ಮಾತ್ರ ಬೇಡ, ಕಣಕಾಲು ಮುಚ್ಚುವ ರಬ್ಬರ್ ಅಟ್ಟೆಯ ಬೂಟು ಕೊಡಿಸಿ. ಬೆರಳು ಬಿಡಿಬಿಡಿಯಾದ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗಿರುತ್ತದೆ. ನಡೆಯುವಾಗ ಬಾತುಕೋಳಿಯಂತೆ ಪಾದ ಅಗಲಿಸಿ, ಇಡೀ ಪಾದ ಊರಿ, ಚಿಕ್ಕ ಹೆಜ್ಜೆ ಇಡಬೇಕು. ಕೈ ಜೇಬಿನಲ್ಲಿರಬಾರದು.

ಪ್ರಶ್ನೆ: ಜನವರಿಯಲ್ಲಿ ಬೆಂಗಳೂರಿನಿಂದ ನಮ್ಮದೇ ಕಾರಿನಲ್ಲಿ ಮನಾಲಿಗೆ ಹೋಗುತ್ತಿದ್ದೇವೆ. ಹೊಸ ಹಿಮ ನೋಡಬೇಕೆಂದು ಮಕ್ಕಳ ಆಸೆ. ಕಾರಿಗೆ ಏನು ಸಿದ್ಧತೆ ಬೇಕು?
– ಜಯನಗರ, ಬೆಂಗಳೂರು

ಉತ್ತರ: ಮೊದಲು ರೇಡಿಯೇಟರ್. ನಮ್ಮೂರಿನಲ್ಲಿ ಕೂಲೆಂಟ್ ಕಡಿಮೆಯಾದಾಗ ನಲ್ಲಿ ನೀರು ತುಂಬಿಸುವ ರೂಢಿ ಇದೆ. ಮನಾಲಿಯ ರಾತ್ರಿಯಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರ್ ಅಷ್ಟೇ ಅಲ್ಲ, ಎಂಜಿನ್ ಬ್ಲಾಕೇ ಸೀಳಬಹುದು. ಎಲ್ಲ ಬಸಿದು ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿಸಿ. ಗಾಜು ತೊಳೆಯುವ ತೊಟ್ಟಿಯ ನೀರನ್ನೂ ತೆಗೆದು ಹೆಪ್ಪುಗಟ್ಟದ ದ್ರವ ತುಂಬಿಸಿ. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ. ಡೀಸೆಲ್ ಗಾಡಿಯಾದರೆ ದಕ್ಷಿಣದಲ್ಲಿ ತುಂಬಿಸಿದ ಡೀಸೆಲ್ ಟ್ಯಾಂಕಿನಲ್ಲಿ ಉಳಿಸಿಕೊಂಡು ಮೇಲೆ ಹೋಗಬೇಡಿ, ಕಡು ಚಳಿಗೆ ಅದರಲ್ಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಬೆಟ್ಟದ ಬುಡದ ಬಂಕಿನಲ್ಲಿ ತುಂಬಿಸಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡದಿರುವುದುಂಟು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ರೋಹ್ತಾಂಗ್ ಕಣಿವೆಮಾರ್ಗ ಆ ತಿಂಗಳು ಮುಚ್ಚಿರುತ್ತದೆ. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೊಮೀಟರ್ ಉದ್ದದ ಅಟಲ್ ಸುರಂಗದಿಂದಾಗಿ ಆಚೆಯ ಸಿಸ್ಸುವಿಗೆ ಚಳಿಗಾಲದಲ್ಲೂ ಹೋಗಬಹುದು, ಪೊಲೀಸರು ಬಿಟ್ಟರೆ. ಸೋಲಂಗ್‌ನಿಂದ ಸುರಂಗದವರೆಗಿನ ರಸ್ತೆಯಲ್ಲೇ ತೊಂದರೆ. 2024ರ ಡಿಸೆಂಬರ್ ಕೊನೆಯ ವಾರ ಹೊಸ ಹಿಮ ನೋಡಲು ಹೋದ ನೂರಾರು ವಾಹನಗಳು ಅಲ್ಲಿ ಸಿಕ್ಕಿಕೊಂಡಿದ್ದವು. ಹಿಮದಲ್ಲಿ ಜಾರದಂತೆ ಟೈರಿಗೆ ಚೈನ್ ಕಟ್ಟುವುದನ್ನು ಮನೆಯಲ್ಲೇ ಎರಡು ಸಲ ಅಭ್ಯಾಸ ಮಾಡಿ. ಫ್ರಂಟ್ ವೀಲ್ ಡ್ರೈವ್ ಆದರೆ ಮುಂದಿನ ಚಕ್ರಕ್ಕೆ ಕಟ್ಟಬೇಕು, ಗಂಟೆಗೆ ಮೂವತ್ತು ನಲವತ್ತು ಕಿಲೊಮೀಟರ್ ದಾಟಬಾರದು. ಇಳಿಜಾರಿನಲ್ಲಿ ಮೊದಲ ಅಥವಾ ಎರಡನೇ ಗೇರಿನ ಹಿಡಿತದಲ್ಲೇ ಇಳಿಯಿರಿ. ನಮ್ಮ ನಿಜವಾದ ಸಲಹೆ ಬೇರೆ: ಮನಾಲಿಯಲ್ಲಿ ಕಾರು ನಿಲ್ಲಿಸಿ, ಮುಂದಕ್ಕೆ ಅಲ್ಲಿನ ಚಾಲಕರ ಫೋರ್ ಬೈ ಫೋರ್ ಹಿಡಿಯಿರಿ.

ಒಂದನ್ನು ಮಾತ್ರ ಮರೆಯಬೇಡಿ. ಹಿಮದಲ್ಲಿ ಸಿಕ್ಕಿಕೊಂಡು ಕಾರಿನಲ್ಲೇ ರಾತ್ರಿ ಕಳೆಯಬೇಕಾಗಿ ಬಂದರೆ ಎಂಜಿನ್ ಹಚ್ಚುವ ಮುಂಚೆ ಪ್ರತಿ ಸಲವೂ ಕೆಳಗಿಳಿದು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ. ಗಂಟೆಗೆ ಹತ್ತೇ ನಿಮಿಷ ಎಂಜಿನ್ ಓಡಿಸಿ, ಗಾಳಿ ಬೀಸದ ಕಡೆಯ ಗಾಜನ್ನು ಒಂದು ಬೆರಳು ಇಳಿಸಿ, ಒಬ್ಬರಾದರೂ ಎಚ್ಚರವಾಗಿರಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿಯಲ್ಲಿ ಹಿಮ ನೋಡಲು ಬಂದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಮಕ್ಕಳೂ ಸೇರಿ, ಹೂತುಹೋದ ಕಾರುಗಳಲ್ಲಿ ಒಂದೇ ರಾತ್ರಿ ಪ್ರಾಣ ಬಿಟ್ಟರು.

ಪ್ರಶ್ನೆ: ಸ್ನೋಮ್ಯಾನ್ ಮಾಡಲು ಹೋದರೆ ಹಿಮ ಪುಡಿಪುಡಿಯಾಗುತ್ತದೆ.
– ಕ್ಯಾಲ್ಗರಿ

ಉತ್ತರ: ನಿಮ್ಮ ಕಡೆಯದು ಒಣ ಹಿಮ. ಹರಳುಗಳು ಅಂಟಿಕೊಳ್ಳಲು ಚೂರು ನೀರಿನ ಪಸೆ ಬೇಕು, ಅದು ಸಿಗುವುದು ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿದ್ದಾಗ. ಒಂದು ಹಿಡಿ ಅದುಮಿ ನೋಡಿ. ಅವಲಕ್ಕಿ ಪುಡಿಯಂತೆ ಉದುರಿದರೆ ಬಿಸಿಲೇರುವವರೆಗೆ ಕಾಯಿರಿ, ಅಥವಾ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಉಂಡೆ ನಿಂತರೆ ಉರುಳಿಸಲು ಶುರು ಮಾಡಿ.

ಪ್ರಶ್ನೆ: ನನಗೆ 9 ವರ್ಷ. ಎಲ್ಲ ಸ್ನೋಫ್ಲೇಕಿಗೂ ಆರೇ ಕೈ ಇರುತ್ತಾ? ನೋಡಲು ಮೈಕ್ರೋಸ್ಕೋಪ್ ಬೇಕಾ?
– ವರ್ಮಾಂಟ್

ಉತ್ತರ: ಪುಟ್ಟಾ, ನೀನಿರುವ ರಾಜ್ಯದಲ್ಲೇ ಜೆರಿಕೊ ಎಂಬ ಹಳ್ಳಿಯಿದೆ. ಅಲ್ಲಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಮೊದಲ ಸಲ ಒಂದು ಹಿಮದ ಹರಳಿನ ಫೋಟೊ ತೆಗೆದರು, ಆಮೇಲೆ ಐದು ಸಾವಿರಕ್ಕೂ ಹೆಚ್ಚು ತೆಗೆದರು. ನಿನಗೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಒಂದು ಕಪ್ಪು ಉಣ್ಣೆ ಬಟ್ಟೆಯನ್ನು ರಟ್ಟಿಗೆ ಸುತ್ತಿ, ಭೂತಗನ್ನಡಿಯ ಜೊತೆ ಇಪ್ಪತ್ತು ನಿಮಿಷ ಹೊರಗಿಡು. ಬಟ್ಟೆ ಬೆಚ್ಚಗಿದ್ದರೆ ಹರಳು ಮುಟ್ಟಿದೊಡನೆ ಹನಿಯಾಗುತ್ತದೆ. ಆಮೇಲೆ ಬೀಳುವ ಹಿಮಕ್ಕೆ ಹಿಡಿ, ಮೂರೋ ನಾಲ್ಕೋ ಬಿದ್ದರೆ ಸಾಕು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡು, ನೇರ ಬಿಟ್ಟರೆ ಕೈಗಳ ತುದಿ ದುಂಡಗಾಗಿಬಿಡುತ್ತದೆ.

ಉಣ್ಣೆಯ ಎಳೆಗಳ ತುದಿಯಲ್ಲಿ ಹರಳು ನಿಂತಿರುವುದು ಕಾಣುತ್ತದೆ. ನಡುವೆ ಸಾಸಿವೆಗಿಂತ ಚಿಕ್ಕ ಆರು ಮೂಲೆಯ ಬಿಲ್ಲೆ, ಅದರ ಒಂದೊಂದು ಮೂಲೆಯಿಂದ ಒಂದೊಂದು ಕೈ, ಕೈಯ ಎರಡೂ ಕಡೆ ಜರೀಗಿಡದ ಎಲೆಯಂತೆ ಸಣ್ಣ ಕೊಂಬೆ. ನೀರಿನ ಅಣುಗಳು ಗಟ್ಟಿಯಾಗುವಾಗ ಆರು ಮೂಲೆಯ ಬಳೆಯಂತೆ ಕೈ ಹಿಡಿದುಕೊಳ್ಳುತ್ತವೆ, ಅದಕ್ಕೇ ಆರು. ಎಲ್ಲಕ್ಕೂ ಕೈ ಇರುವುದಿಲ್ಲ. ಮೋಡದಲ್ಲಿ ಮೈನಸ್ 15 ಡಿಗ್ರಿ ಹತ್ತಿರವಿದ್ದರೆ ಈ ನಕ್ಷತ್ರ ಬೆಳೆಯುತ್ತದೆ, ಮೈನಸ್ 5ರ ಹತ್ತಿರ ಸೂಜಿಗಳು. ಮೊದಲ ಹಿಮದ ದೊಡ್ಡ ದೊಡ್ಡ ಚಕ್ಕೆಗಳು ಒಂದೇ ಹರಳಲ್ಲ, ಹತ್ತಾರು ಅಂಟಿಕೊಂಡ ಗೊಂಚಲು. ಅದರಲ್ಲಿ ಆರು ಎಣಿಸಲಾಗದು. ಚೆನ್ನಾಗಿ ಚಳಿ ಇರುವ, ಗಾಳಿಯಿಲ್ಲದ ದಿನಕ್ಕೆ ಕಾದು ನೋಡು.

ಪ್ರಶ್ನೆ: ಹಿಮದ ಮೇಲೆ ಮೇಪಲ್ ಪಾಕ ಸುರಿದು ತಿನ್ನುತ್ತಾರಲ್ಲ, ಮನೆಯಲ್ಲಿ ಮಾಡಿದಾಗ ಹಿಮದೊಳಗೆ ಇಳಿದುಹೋಯಿತು. ತಪ್ಪೆಲ್ಲಿ?
– ಮಾಂಟ್ರಿಯಲ್

ಉತ್ತರ: ಪಾಕ ಎಳೆಯದಾಯಿತು. ಒಂದು ಲೋಟ, ಅಂದರೆ 250 ಮಿಲಿಲೀಟರ್, ಅಪ್ಪಟ ಮೇಪಲ್ ಸಿರಪ್ ತೆಗೆದುಕೊಳ್ಳಿ. ಉಕ್ಕುವ ಪದಾರ್ಥ, ಆದ್ದರಿಂದ ನಾಲ್ಕು ಪಟ್ಟು ಆಳದ ಪಾತ್ರೆ ಇರಲಿ. ಕಡಲೆಕಾಳಿನಷ್ಟು ಬೆಣ್ಣೆ ಹಾಕಿದರೆ ನೊರೆ ಇಳಿಯುತ್ತದೆ. ಸೌಟು ಆಡಿಸಬೇಡಿ, ಸಕ್ಕರೆ ಹರಳುಗಟ್ಟುತ್ತದೆ. ಥರ್ಮಾಮೀಟರಿನಲ್ಲಿ 113 ಡಿಗ್ರಿ ಬಂದಾಗ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ನಮ್ಮ ಅಜ್ಜಿಯರ ಲೆಕ್ಕವೇ ಸರಿ: ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಒಟ್ಟುಮಾಡಿದರೆ ಮೆತ್ತನೆ ಉಂಡೆ ಕಟ್ಟಬೇಕು. ಅದೇ ಉಂಡೆಪಾಕ. ಅದಕ್ಕೆ ಮುಂಚೆ ಎಳೆಪಾಕದಲ್ಲೇ ಇಳಿಸಿದ್ದರಿಂದ ನಿಮ್ಮದು ಹಿಮದೊಳಗೆ ಹರಿದುಹೋಗಿದೆ. ಮೀರಿ ಕಾಯಿಸಿದರೆ ಚಿಕ್ಕಿಯಂತೆ ಹಲ್ಲಿಗೆ ಸಿಗುತ್ತದೆ.

ಹಿಮ ಬೀಳಲು ಶುರುವಾಗಿ ಒಂದೆರಡು ಗಂಟೆ ಕಳೆಯಲಿ. ಮೊದಲು ಬಿದ್ದದ್ದು ಗಾಳಿಯ ಧೂಳನ್ನೂ ಹೊತ್ತು ತಂದಿರುತ್ತದೆ. ಆಮೇಲೆ ಮೇಲಿನ ಪದರವನ್ನು ಮಾತ್ರ ತಟ್ಟೆಗೆ ತುಂಬಿ, ಅಂಗೈಯಿಂದ ಗಟ್ಟಿಯಾಗಿ ಅದುಮಿ. ಸಡಿಲ ಹಿಮದ ಮೇಲೆ ಪಾಕ ನಿಲ್ಲುವುದಿಲ್ಲ. ಬಿಸಿ ಪಾಕವನ್ನು ಬೆರಳಗಲದ ಪಟ್ಟಿಯಾಗಿ ಸುರಿದು, ಅರ್ಧ ನಿಮಿಷ ಬಿಟ್ಟು, ಐಸ್‌ಕ್ರೀಂ ಕಡ್ಡಿಯನ್ನು ಒಂದು ತುದಿಗಿಟ್ಟು ಸುತ್ತಿ. ಒಳಗೆ ಇನ್ನೂ ಬಿಸಿ ಇರುತ್ತದೆ, ಮಕ್ಕಳ ಕೈಗೆ ಕೊಡುವ ಮುಂಚೆ ಇನ್ನೊಂದು ನಿಮಿಷ ಕಾಯಿರಿ.